ಕಳೆ ಕೀಳೋಕೆ ಹೋಗಿ ಪೈರು ಕಿತ್ತೆವು



ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಹದಿನೈದು ದಿನದಿಂದ ಬೀಗ ಬಿದ್ದಿದೆ. ಕಾರಣ ನಾವು ಏಳನೇ ತರಗತಿಯವರು, ಅದರಲ್ಲೂ ನಾನು. ತಪ್ಪು ಒಪ್ಪಿಕೊಳ್ಳುತ್ತೇನೆ. ಆದರೂ ಬೀಗ ಹಾಕಿದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 10. ಆನ್ ಮಾಡಿ, ಹೋಗಿ ನೀರು ಕುಡಿದು ಬಂದರೂ ಇನ್ನೂ ತಿರುಗುತ್ತಲೇ ಇರುತ್ತಿತ್ತು. ಒಳಗೆ ನೋಡಿದರೆ ಕ್ಯಾಂಡಿ ಕ್ರಷ್, ಯಾರೋ ಹಾಕಿದ ಕಾರಿನ ಆಟಗಳು, ಅವಧಿ ಮುಗಿದ ಆಂಟಿವೈರಸ್ಸು, ಮೂರು ಟೂಲ್‌ಬಾರು. ಟೂಲ್‌ಬಾರನ್ನು ಯಾರೂ ಬೇಕು ಅಂತ ಹಾಕಿಲ್ಲ. ಬೇರೆ ಏನೋ ಹಾಕುವಾಗ ಓದದೆ ನೆಕ್ಸ್ಟ್ ನೆಕ್ಸ್ಟ್ ಒತ್ತಿದರೆ ಅದೂ ಜೊತೆಗೆ ಬಂದುಬಿಡುತ್ತದೆ, ಮದುವೆ ಮನೆಗೆ ಕರೆಯದೆ ಬಂದವರ ಹಾಗೆ. ಇಂಥವುಗಳಲ್ಲಿ ಕೆಲವು ಕಂಪ್ಯೂಟರ್ ಶುರುವಾದ ಕೂಡಲೇ ತಾವೂ ಎದ್ದು ಕೂರುತ್ತವೆ. ಅದಕ್ಕೇ ಅಷ್ಟು ನಿಧಾನ.

ಸೆಟ್ಟಿಂಗ್ಸಿನಲ್ಲಾದರೆ ಒಂದೊಂದಾಗಿ ತೆಗೆಯಬೇಕು. ನಮಗೆ ಬೇಜಾರಾಯ್ತು. ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶವಿದೆ. ಬೇಡದ್ದಕ್ಕೆಲ್ಲ ಟಿಕ್ ಹಾಕಿದರೆ ಒಟ್ಟಿಗೆ ತೆಗೆಯುತ್ತದೆ. ಮೇಷ್ಟ್ರಿಗೆ ಹೇಳದೆ ಅದನ್ನು ಹಾಕಿದೆವು. ಅದು ಒಳ್ಳೆಯದೇ, ತಪ್ಪು ನನ್ನದು. ಗೊತ್ತಿಲ್ಲದ ಹೆಸರಿಗೆಲ್ಲ ಟಿಕ್ ಹಾಕುತ್ತಾ ಹೋದೆ. "ಇದೇನೇ ವಿಷುಯಲ್ ಸಿ ಪ್ಲಸ್ ಪ್ಲಸ್, ನಾಲ್ಕು ಸಲ ಐತೆ, ಹಾಕೇ" ಅಂದಳು ಪಕ್ಕದವಳು. ಹಾಕಿದೆ. ಅದು ಬೇರೆ ತಂತ್ರಾಂಶಗಳಿಗೆ ಬುನಾದಿ ಇದ್ದಂಗೆ ಅಂತ ಆಮೇಲೆ ಗೊತ್ತಾಯ್ತು. ಅದೇ ಭರದಲ್ಲಿ 'ನುಡಿ'ಗೂ ಟಿಕ್ ಬಿತ್ತು.

ಮಾರನೇ ದಿನ ಮೇಷ್ಟ್ರು ಪ್ರತಿಭಾ ಕಾರಂಜಿ ಪಟ್ಟಿ ತೆರೆದರೆ ನಮ್ಮ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ! ನಿಜವಾಗಿ ಪಟ್ಟಿ ಹಾಳಾಗಿರಲಿಲ್ಲ. ನುಡಿಯ ಹಳೇ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದಿದ್ದರೆ ಹಾಗೇ ಕಾಣುತ್ತದೆ. ನುಡಿ ಮತ್ತೆ ಹಾಕಿದ ಮೇಲೆ ಕನ್ನಡ ವಾಪಸ್ ಬಂತು. ಬೀಗ ಮಾತ್ರ ಹೋಗಲಿಲ್ಲ.

ಹೋದ ವರ್ಷ ರಾಗಿ ಹೊಲದಲ್ಲಿ ಮೊದಲ ಸಲ ಕಳೆ ಕೀಳುವಾಗ ನಾನು ಪೈರೂ ಕಿತ್ತಿದ್ದೆ. ಅವ್ವ ಚೆನ್ನಾಗಿ ಬೈದಳು. ಆದರೆ ಹೊಲಕ್ಕೇ ಬರಬೇಡ ಅನ್ನಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಎರಡರ ಎಲೆಯನ್ನೂ ತೋರಿಸಿದಳು.

ಕಂಪ್ಯೂಟರಿನಲ್ಲಿರುವ ಹೆಸರುಗಳನ್ನೆಲ್ಲ ಬರೆದು ಈ ಗೋಡೆ ಪತ್ರಿಕೆಯ ಪಕ್ಕ ಅಂಟಿಸೋಣ. ಯಾರಿಗೆ ಯಾವುದು ಬೇಕೋ ಗುರುತು ಹಾಕಲಿ. ಏನೆಂದು ಗೊತ್ತಿಲ್ಲದ್ದನ್ನು ಮುಟ್ಟುವುದು ಬೇಡ. ಮೊದಲು ರೀಸ್ಟೋರ್ ಪಾಯಿಂಟ್ ಮಾಡಿ, ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ, ಆಮೇಲೆ ಉಳಿದದ್ದನ್ನು ಒಟ್ಟಿಗೆ ತೆಗೆಯೋಣ. ಕಾರಿನ ಆಟ ಹೋದರೆ ಐದನೇ ತರಗತಿಯವರು ಅಳ್ತಾರೆ, ಅಳಲಿ ಬಿಡಿ.

ಶನಿವಾರ ಶಾಲೆ ಬಿಟ್ಟ ಮೇಲೆ ಉಳಿದು ಪಟ್ಟಿ ಬರೆಯಲು ನಾನು ಸಿದ್ಧ. ಅದಕ್ಕೆ ಗುರುಗಳು ಬೀಗದ ಕೈ ಕೊಡಬೇಕು.

– 7ನೇ ತರಗತಿ ವಿದ್ಯಾರ್ಥಿನಿ