ಒಂಬತ್ತು ಅಂಕಿ ಕಂಡು ಮರುಳಾಗದಿರೋಣ

ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಐ.ಟಿ. ಲ್ಯಾಬಿನಲ್ಲಿ ಲಿನಕ್ಸ್ ಇದೆ, ಪೈಥಾನ್ ಇದೆ. ಹಾಗಿರುವಾಗ ಕಾಲಮಾಪನದ ಪಾಠ ಸ್ಟಾಪ್‌ವಾಚಿಗೇ ಯಾಕೆ ನಿಲ್ಲಬೇಕು?

ಪೈಥಾನಿನ ‘ಪರ್ಫ್ ಕೌಂಟರ್’ ಸೆಕೆಂಡನ್ನು ದಶಾಂಶದ ಒಂಬತ್ತು ಸ್ಥಾನದವರೆಗೆ ತೋರಿಸುತ್ತದೆ. ಇದಕ್ಕಾಗಿ ಸಿಸ್ಟಮ್ ಲೈಬ್ರರಿಯು ಸಾಮಾನ್ಯವಾಗಿ ಪ್ರೊಸೆಸರಿನೊಳಗಿನ ಒಂದು ಎಣಿಕೆಯನ್ನು ಓದುತ್ತದೆ. ಇಂಟೆಲ್ ಇದನ್ನು ತಂದದ್ದು 1993ರ ಪೆಂಟಿಯಂನಲ್ಲಿ. 3 ಗಿಗಾಹರ್ಟ್ಸ್‌ನಲ್ಲಿ ಎಣಿಕೆ ಒಂದು ಏರುವಷ್ಟರಲ್ಲಿ ಬೆಳಕು ಕೂಡ ಸಾಗುವುದು ಬರೇ 10 ಸೆಂಟಿಮೀಟರ್!

ಆದರೆ ಒಂದೇ ಲೆಕ್ಕವನ್ನು ಹತ್ತು ಸಲ ಓಡಿಸಿ ನೋಡಿ, ಪ್ರತಿ ಸಲವೂ ಬೇರೆ ಬೇರೆ ಸಮಯ ಬರುತ್ತದೆ. ನಡುವೆ ಕಂಪ್ಯೂಟರಿನ ಬೇರೆ ಕೆಲಸಗಳು ನುಗ್ಗುತ್ತವೆ. ಗಡಿಯಾರ ಓದಲಿಕ್ಕೂ ಸಮಯ ಬೇಕು. ಪ್ರೊಸೆಸರ್ ಆದೇಶಗಳ ಸರದಿಯನ್ನೇ ಹಿಂದುಮುಂದು ಮಾಡುವುದೂ ಉಂಟು.

ಲೋಲಕದ 20 ಆಂದೋಲನಗಳನ್ನು ಎಣಿಸಿ ಭಾಗಿಸಿರಿ ಎನ್ನುವ ನಾವು ಇಲ್ಲಿಯೂ ಅದನ್ನೇ ಹೇಳಬೇಕು. ಲೆಕ್ಕವನ್ನು ಸಾವಿರ ಸಲ ಓಡಿಸಿ, ಒಟ್ಟು ಸಮಯವನ್ನು ಸಾವಿರದಿಂದ ಭಾಗಿಸಲಿ. ಇದನ್ನು ಹತ್ತು ಬಾರಿ ಮಾಡಿ ಕನಿಷ್ಠ, ಗರಿಷ್ಠಗಳನ್ನು ಬರೆಯಲಿ. ಖರ್ಚಿಲ್ಲ, ಒಂದು ಪಿರಿಯಡ್ ಸಾಕು.

ಪರದೆಯಲ್ಲಿ ಬಂದದ್ದೆಲ್ಲ ಸತ್ಯ ಎಂದು ಮಕ್ಕಳು ನಂಬುವ ಕಾಲವಿದು. ಅಂಕಿಗಳು ಹೆಚ್ಚಿದ ಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲ ಎಂಬುದನ್ನು ಅವರು ಕೈಯಾರೆ ಮಾಡಿಯೇ ಕಲಿಯಲಿ. ಈ ತಿಂಗಳೇ ಒಮ್ಮೆ ಮಾಡಿಸಿ ನೋಡಿ.