ಅಪ್ಪನ ಲೆನ್ಸು, ಮಗನ ಕ್ಯಾಮೆರಾ

ಕಳೆದ ಮಳೆಗಾಲ ಮುಗಿಯುತ್ತಾ ಬಂದಾಗ ಕುಂಬಳೆ ಕಡೆಯ ಒಂದು ವಾಳೆಯಲ್ಲಿ ಮನೆಗಳ ಭೇಟಿಗೆ ಹೋಗಿದ್ದೆವು. ಒಂದು ಮನೆಯ ಚಾವಡಿಯಲ್ಲಿ ಕುಳಿತು ಚಾ ಕುಡಿಯುತ್ತಿದ್ದಾಗ ತಾಯಿ ಮತ್ತು ಮಗನ ನಡುವೆ ಏನೋ ಮುಸುಕಿನ ಗುದ್ದಾಟ ನಡೆಯುತ್ತಿದೆ ಎಂದು ತಿಳಿಯಿತು. ಕೇಳಿದಾಗ ವಿಷಯ ಹೊರಬಂತು. ಡಿಗ್ರಿ ಮುಗಿಸಿದ ಮಗನಿಗೆ ಮಿರರ್‌ಲೆಸ್ ಕ್ಯಾಮೆರಾ ಬೇಕು. ಹೊಸ ಬಾಡಿ, ಜೊತೆಗೆ ಎರಡು ಲೆನ್ಸು ಎಂದು ಕಾಗದದಲ್ಲಿ ಪಟ್ಟಿ ಬರೆದಿಟ್ಟಿದ್ದ. ಮೊತ್ತ ಒಂದೂವರೆ ಲಕ್ಷ ದಾಟಿತ್ತು.

“ಸೊಸೈಟಿಯಲ್ಲಿ ಸಾಲ ಸಿಗುತ್ತದೆ ಫಾದರ್. ಅಮ್ಮ ಒಂದು ಸೈನ್ ಹಾಕಿದರೆ ಸಾಕು” ಎಂದ.

“ಇವರ ಆಸ್ಪತ್ರೆಯ ಸಾಲ ಮುಗಿದದ್ದೇ ಮೊನ್ನೆ ಮೊನ್ನೆ. ಮನೆಯಲ್ಲಿ ಇವರ ಕ್ಯಾಮೆರಾ ಉಂಟಲ್ಲ ಫಾದರ್?” ಎಂದರು ತಾಯಿ.

“ಅದು ಗುಜರಿ ಅಮ್ಮ. ಅದಕ್ಕೆ ಫಿಲ್ಮ್ ಹಾಕಬೇಕು.”

ಆ ಮಾತಿಗೆ ತಾಯಿ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಮೂರು ವರ್ಷದ ಹಿಂದೆ ತೀರಿಕೊಂಡ ಅವರ ಯಜಮಾನರು ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದವರು. ಸುತ್ತಮುತ್ತಲಿನ ಎಷ್ಟೋ ಮದುವೆಗಳ ಆಲ್ಬಮ್ ಅವರ ಕೈಯದ್ದು. ಸ್ವಲ್ಪ ಹೊತ್ತಿನಲ್ಲಿ ತಾಯಿ ಒಂದು ಹಳೆಯ ಚರ್ಮದ ಚೀಲ ತಂದು ನಮ್ಮ ಮುಂದಿಟ್ಟರು. ಒಳಗೆ ಒಂದು ಪೆಂಟಾಕ್ಸ್ ಕೆ1000, ಅದರ 50 ಮಿಲಿಮೀಟರ್ ಎಫ್ 2 ಲೆನ್ಸು, ಇನ್ನೊಂದು 135 ಮಿಲಿಮೀಟರ್ ಲೆನ್ಸು ಇದ್ದವು.

ನಾವು ಸೆಮಿನರಿಯಲ್ಲಿದ್ದಾಗ ಅಂಥದ್ದೇ ಕ್ಯಾಮೆರಾದಲ್ಲಿ ಕಲಿತವರು. 36 ಚಿತ್ರಗಳ ಒಂದು ರೋಲು ಇಡೀ ವರ್ಷಕ್ಕೆ ಬರಬೇಕಿತ್ತು. ಹಾಗಾಗಿ ಚೀಲ ನೋಡಿದ ಕೂಡಲೇ ಕೈ ತುರಿಸಿತು. “ನಿನ್ನ ಪಟ್ಟಿಯ ಒಂದು ಲೆನ್ಸು ಇಲ್ಲೇ ಉಂಟು ಮಗ” ಎಂದೆವು. ಅವನು ನಂಬಲಿಲ್ಲ. ಅಂದು ಅವನಿಗೆ ಹೇಳಿದ್ದನ್ನೇ ಈ ತಿಂಗಳು ನಿಮಗೂ ಹೇಳುತ್ತೇವೆ. ಇಂಥ ಚೀಲಗಳು ನಮ್ಮ ಹಲವು ಮನೆಗಳ ಕಪಾಟಿನಲ್ಲಿ ಇವೆ ಎಂಬುದು ನಮಗೆ ಗೊತ್ತು.

ಕನ್ನಡಿ ಹೋದಾಗ ಉಳಿದ ಜಾಗ

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸು ಮತ್ತು ಫಿಲ್ಮಿನ ನಡುವೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಮೇಲಕ್ಕೆ, ನಮ್ಮ ಕಣ್ಣಿಗೆ ಕಳುಹಿಸುವುದು ಅದರ ಕೆಲಸ. ಕ್ಲಿಕ್ ಮಾಡಿದಾಗ ಅದು ಏಳಬೇಕು. ಏಳಲು ಜಾಗ ಬೇಕು. ಆದ್ದರಿಂದ ಲೆನ್ಸು ಕೂರುವ ಬಳೆಯಿಂದ ಫಿಲ್ಮಿನವರೆಗೆ ಸಾಕಷ್ಟು ಅಂತರ ಇಡುತ್ತಿದ್ದರು. ಪೆಂಟಾಕ್ಸಿನಲ್ಲಿ ಅದು 45.46 ಮಿಲಿಮೀಟರ್, ನಿಕಾನ್‌ನಲ್ಲಿ 46.5, ಹಳೆಯ ಕ್ಯಾನನ್ ಎಫ್‌ಡಿಯಲ್ಲಿ 42.

ಮಿರರ್‌ಲೆಸ್ ಎಂದರೆ ಆ ಕನ್ನಡಿಯನ್ನೇ ತೆಗೆದುಹಾಕಿದ ಕ್ಯಾಮೆರಾ. ಸೆನ್ಸರ್‌ಗೆ ಬಿದ್ದ ಚಿತ್ರವೇ ಪುಟ್ಟ ಪರದೆಯ ಮೇಲೆ ಕಾಣುತ್ತದೆ. 2008ರಲ್ಲಿ ಪ್ಯಾನಾಸೋನಿಕ್ ಜಿ1 ಬಂದಾಗ ಈ ದಾರಿ ತೆರೆಯಿತು. 2013ರಲ್ಲಿ ಸೋನಿ ಎ7, 2018ರಲ್ಲಿ ನಿಕಾನ್ ಝಡ್ ಮತ್ತು ಕ್ಯಾನನ್ ಇಒಎಸ್ ಆರ್ ಬಂದವು. ಕನ್ನಡಿ ಇಲ್ಲದ ಕಾರಣ ಇವುಗಳ ಅಂತರ ತುಂಬಾ ಕಡಿಮೆ: ಸೋನಿಯಲ್ಲಿ 18 ಮಿಲಿಮೀಟರ್, ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20.

ಈಗ ಲೆಕ್ಕ ಮಾಡಿ. ಪೆಂಟಾಕ್ಸ್ ಲೆನ್ಸಿಗೆ 45.46 ಬೇಕು, ಸೋನಿಯಲ್ಲಿ 18 ಉಂಟು. ಉಳಿದ 27.46 ಮಿಲಿಮೀಟರ್ ಜಾಗವನ್ನು ಒಂದು ಲೋಹದ ಕೊಳವೆ ತುಂಬಿಸಿದರೆ ಆಯಿತು. ಅಡಾಪ್ಟರ್ ಎಂದರೆ ಅಷ್ಟೇ. ಒಳಗೆ ಗಾಜೂ ಇಲ್ಲ, ಕರೆಂಟೂ ಇಲ್ಲ.

ಈ ಲೆಕ್ಕ ತಿಳಿಯದೆ ನಾವು ಒಮ್ಮೆ ಬೇಸ್ತು ಬಿದ್ದದ್ದುಂಟು. ಆಗ ನಮ್ಮಲ್ಲಿದ್ದದ್ದು ಕನ್ನಡಿ ಇರುವ ನಿಕಾನ್ ಡಿಜಿಟಲ್ ಕ್ಯಾಮೆರಾ. ಸ್ನೇಹಿತರೊಬ್ಬರು ತಿರುಪಿನ ಮೌಂಟಿನ, ಅಂದರೆ ಎಂ42 ಲೆನ್ಸು ಕೊಟ್ಟರು. ಅಡಾಪ್ಟರ್ ತರಿಸಿ ಹಬ್ಬದ ಮೆರವಣಿಗೆಯ ಚಿತ್ರ ತೆಗೆಯಲು ಹೊರಟೆವು. ಹತ್ತಿರದ ಮುಖ ಸ್ಪಷ್ಟ, ದೂರದ್ದೆಲ್ಲ ಮಂಜು! ಎಂ42ಕ್ಕೆ ಬೇಕಾದದ್ದು 45.46, ಆ ಕ್ಯಾಮೆರಾದಲ್ಲೇ 46.5 ಇತ್ತು. ಲೆನ್ಸು ಇರಬೇಕಾದ ಜಾಗಕ್ಕಿಂತ ಮುಂದೆ ನಿಂತಿತ್ತು. ಒಂದು ಮಿಲಿಮೀಟರಿನ ತಪ್ಪಿಗೆ ಇಡೀ ಮೆರವಣಿಗೆ ಹೋಯಿತು. ಅದೇ ಲೆನ್ಸನ್ನು ಮುಂದೆ ಮಿರರ್‌ಲೆಸ್‌ಗೆ ಹಾಕಿದಾಗ ದೂರದ ಗುಡ್ಡವೂ ಸ್ಪಷ್ಟವಾಗಿ ಬಂತು.

ಕ್ಯಾನನ್ ಎಫ್‌ಡಿ ಲೆನ್ಸುಗಳ ಕಥೆಯೂ ಹೀಗೆಯೇ. 1987ರಲ್ಲಿ ಆ ಕಂಪೆನಿ ಹೊಸ ಮೌಂಟಿಗೆ ಬದಲಾದಾಗ ಹಳೆಯ ಎಫ್‌ಡಿ ಲೆನ್ಸುಗಳು ಅದರ ಹೊಸ ಕ್ಯಾಮೆರಾಗಳಿಗೇ ಸರಿಹೊಂದದೆ ಮೂಲೆ ಸೇರಿದವು. ಮಿರರ್‌ಲೆಸ್ ಬಂದ ಮೇಲೆ ಅವುಗಳಿಗೆ ಮತ್ತೆ ಜೀವ ಬಂತು.

ಮೊದಲು ಟಾರ್ಚ್ ತನ್ನಿ

ಹಾಗೆಂದು ಕಪಾಟಿನಲ್ಲಿದ್ದದ್ದೆಲ್ಲ ಚಿನ್ನವಲ್ಲ. ನಾವು ಮೊದಲು ಕೇಳಿದ್ದು ಒಂದು ಟಾರ್ಚ್. ಲೆನ್ಸನ್ನು ಕ್ಯಾಮೆರಾದಿಂದ ತೆಗೆದು, ಒಳಗಿನ ಎಲೆಗಳನ್ನು ಪೂರ್ತಿ ತೆರೆದು, ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಬೇಕು. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಹಾಲಿನ ಪೊರೆಯಂತೆ ಕಂಡರೆ ಅದೂ ಒಳ್ಳೆಯದಲ್ಲ. ಎಫ್ ಬಳೆ ತಿರುಗಿಸಿದಾಗ ಎಲೆಗಳು ಮುಚ್ಚಿ ತೆರೆಯಬೇಕು, ಅವುಗಳ ಮೇಲೆ ಎಣ್ಣೆ ಇರಬಾರದು. ಫೋಕಸ್ ಬಳೆ ತಡೆಯದೆ ತಿರುಗಬೇಕು.

ಆ ಮನೆಯ 50 ಮಿಲಿಮೀಟರ್ ಲೆನ್ಸು ಶುಭ್ರವಾಗಿತ್ತು. ಆದರೆ 135ರ ಒಳಗೆ ಬೂಷ್ಟು ಬೇರು ಬಿಟ್ಟಿತ್ತು.

“ಸರಿ ಮಾಡಲಿಕ್ಕೆ ಆಗುವುದಿಲ್ಲವಾ ಫಾದರ್?” ಎಂದು ತಾಯಿ ಕೇಳಿದರು.

ಆರಂಭದ ಬೂಷ್ಟನ್ನು ಬಲ್ಲವರು ಬಿಚ್ಚಿ ಒರೆಸಿ ತೆಗೆಯಬಲ್ಲರು. ಆದರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಬಿಟ್ಟರೆ ಕಲೆ ಹೋಗುವುದಿಲ್ಲ. ಆ ಲೆನ್ಸು ಅಲ್ಲಿಗೆ ಮುಟ್ಟಿತ್ತು. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. “ಇದನ್ನು ನೆನಪಿಗೆ ಇಟ್ಟುಕೊಳ್ಳಿ ಅಮ್ಮ, ಕೆಲಸಕ್ಕೆ ಬೇಡ. ಒಳ್ಳೆಯದರ ಹತ್ತಿರವೂ ಇಡಬೇಡಿ” ಎಂದೆವು.

ಇದಕ್ಕೆ ಕಾರಣ ಆ ಚರ್ಮದ ಚೀಲವೇ. ಚರ್ಮ, ಬಟ್ಟೆ ಎರಡೂ ತೇವ ಹಿಡಿದಿಡುತ್ತವೆ. ಗಾಳಿಯ ತೇವಾಂಶ ಶೇಕಡಾ 40ರಿಂದ 50ರೊಳಗೆ ಇದ್ದರೆ ಲೆನ್ಸು ಕ್ಷೇಮ. ನಮ್ಮ ಕರಾವಳಿಯ ಆಟಿಯಲ್ಲಿ ಅದು 80 ದಾಟುವುದು ಸಾಮಾನ್ಯ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ಇದ್ದರೆ ಸಾಕು. ಜೆಲ್‌ನ ಬಣ್ಣ ಬದಲಾದಾಗ ಅದನ್ನು ಒಣಗಿಸಿ ಮತ್ತೆ ಹಾಕಿ. ಎಲ್ಲಕ್ಕಿಂತ ಮುಖ್ಯ, ಆಗಾಗ ಹೊರಗೆ ತೆಗೆದು ಬಳಸಿ.

ಇನ್ನೊಂದು ಮಾತು. ಯಾಶಿಕಾ ಎಂಎಫ್-2, ಎಲೆಕ್ಟ್ರೋ 35ರಂಥ ಕ್ಯಾಮೆರಾಗಳೂ ನಮ್ಮ ಮನೆಗಳಲ್ಲಿ ಇವೆ. ಅವುಗಳ ಲೆನ್ಸು ಬಾಡಿಗೇ ಅಂಟಿದ್ದು, ಬಿಚ್ಚಲು ಬರುವುದಿಲ್ಲ. ಇದನ್ನು ಓದಿ ಸ್ಕ್ರೂ ಡ್ರೈವರ್ ಹಿಡಿಯಬೇಡಿ!

ಯಾವ ಬಾಡಿ ಕೊಳ್ಳುವುದು?

ಹಳೆಯ ಲೆನ್ಸಿಗಾಗಿ ಬಾಡಿ ಆರಿಸುವಾಗ ಮೂರು ವಿಷಯ ನೋಡಬೇಕು.

ಒಂದನೆಯದು, ಸೆನ್ಸರ್‌ನ ಅಳತೆ. ಫುಲ್ ಫ್ರೇಮ್ ಎಂದರೆ ಹಳೆಯ ಫಿಲ್ಮಿನಷ್ಟೇ, 36ಕ್ಕೆ 24 ಮಿಲಿಮೀಟರ್. ಅದರಲ್ಲಿ 50ರ ಲೆನ್ಸು ಅಪ್ಪನ ಕಾಲದಲ್ಲಿ ಎಷ್ಟು ನೋಡುತ್ತಿತ್ತೋ ಅಷ್ಟನ್ನೇ ನೋಡುತ್ತದೆ. ಎಪಿಎಸ್-ಸಿ ಎಂಬ ಸಣ್ಣ ಸೆನ್ಸರ್‌ನಲ್ಲಿ ಅದೇ ಲೆನ್ಸು 75ರಂತೆ, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 100ರಂತೆ ಇಕ್ಕಟ್ಟಾಗಿ ನೋಡುತ್ತದೆ. ಮುಖದ ಚಿತ್ರಕ್ಕೆ ಅದು ಒಳ್ಳೆಯದೇ. ಆದರೆ ಸಣ್ಣ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಬೇಕಾದರೆ ಬೆನ್ನು ಗೋಡೆಗೆ ತಾಗುತ್ತದೆ.

ಎರಡನೆಯದು, ಕಣ್ಣಿಟ್ಟು ನೋಡುವ ವ್ಯೂಫೈಂಡರ್. ಕೈಯಿಂದಲೇ ಫೋಕಸ್ ಮಾಡಬೇಕಲ್ಲ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಬದಿಯ ಪರದೆ ಕಾಣುವುದಿಲ್ಲ.

ಮೂರನೆಯದು, ಕೈ ನಡುಕವನ್ನು ಬಾಡಿಯೇ ಸರಿಪಡಿಸುವ ವ್ಯವಸ್ಥೆ. ಹಳೆಯ ಲೆನ್ಸಿನಲ್ಲಿ ಅದು ಇರುವುದಿಲ್ಲ. 2014ರ ಸೋನಿ ಎ7 II, 2020ರ ನಿಕಾನ್ ಝಡ್5ರಂಥ ಫುಲ್ ಫ್ರೇಮ್ ಬಾಡಿಗಳಲ್ಲಿ ಇದು ಉಂಟು. ಸೋನಿ ಎ6000ದಂಥ ಅಗ್ಗದ ಬಾಡಿಗಳಲ್ಲಿ ಇಲ್ಲ.

ಇಂಥ ಬಾಡಿಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಕೊಳ್ಳುವ ಮೊದಲು ಶಟರ್ ಎಷ್ಟು ಸಲ ಓಡಿದೆ, ಬ್ಯಾಟರಿ ಈಗಲೂ ಸಿಗುತ್ತದೆಯೇ, ಸೆನ್ಸರ್ ಮೇಲೆ ಗೀರು ಇದೆಯೇ ಎಂದು ಕೇಳಿ, ನೋಡಿ. ಅಡಾಪ್ಟರ್ ಕೊಳ್ಳುವಾಗ ಎರಡು ಹೆಸರು ಸರಿಯಾಗಿ ಹೇಳಿ: ಲೆನ್ಸಿನ ಮೌಂಟ್ ಯಾವುದು, ಬಾಡಿಯ ಮೌಂಟ್ ಯಾವುದು. “ಪೆಂಟಾಕ್ಸ್” ಎಂದರೆ ಸಾಲದು. 1975ರ ನಂತರದ ಕೆ ಮೌಂಟ್ ಬೇರೆ, ಅದಕ್ಕೂ ಹಿಂದಿನ ತಿರುಪಿನ ಮೌಂಟ್ ಬೇರೆ. ಹಾಕಿದ ಮೇಲೆ ಲೆನ್ಸು ಅಲುಗಾಡಬಾರದು.

ಬಳಸುವ ಬಗೆ

ಅಡಾಪ್ಟರ್ ಹಾಕಿದಾಗ ಕೆಲವು ಕ್ಯಾಮೆರಾಗಳು ಲೆನ್ಸೇ ಇಲ್ಲವೆಂದು ತಿಳಿದು ಕ್ಲಿಕ್ ಆಗುವುದಿಲ್ಲ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆಯೂ ಶಟರ್ ಬಿಡು’ ಎಂಬ ಅರ್ಥದ ಒಂದು ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಬೇಕು. ನಡುಕ ತಡೆಯುವ ವ್ಯವಸ್ಥೆಗೆ ಲೆನ್ಸು 50 ಎಂದು ನಾವೇ ತಿಳಿಸಬೇಕು. ಎಫ್ ಸಂಖ್ಯೆಯನ್ನು ಲೆನ್ಸಿನ ಬಳೆಯಲ್ಲೇ ಇಟ್ಟು, ಕ್ಯಾಮೆರಾವನ್ನು ಎ ಅಥವಾ ಎವಿ ಮೋಡ್‌ಗೆ ತಿರುಗಿಸಿದರೆ ಶಟರ್ ವೇಗವನ್ನು ಅದೇ ನೋಡಿಕೊಳ್ಳುತ್ತದೆ. ಫೋಕಸ್ ಪೀಕಿಂಗ್ ಆನ್ ಮಾಡಿದರೆ ಸ್ಪಷ್ಟವಾದ ಅಂಚುಗಳು ಬಣ್ಣದಲ್ಲಿ ಮಿನುಗುತ್ತವೆ. ಆದರೆ ಅದನ್ನೇ ಪೂರ್ತಿ ನಂಬಬೇಡಿ. ಕಣ್ಣಿನ ಜಾಗವನ್ನು ದೊಡ್ಡದು ಮಾಡಿ ನೋಡಿ, ಬಳೆಯನ್ನು ಮೆಲ್ಲಗೆ ತಿರುಗಿಸಿ, ರೆಪ್ಪೆಕೂದಲು ಕಂಡಾಗ ಕ್ಲಿಕ್ ಮಾಡಿ.

ಹಳೆಯ ಲೆನ್ಸು ಎಫ್ 2ರಲ್ಲಿ ತುಸು ಮೆದು, 5.6 ಅಥವಾ 8ರಲ್ಲಿ ಖಡಕ್. ಬೆಳಕು ಎದುರಿನಿಂದ ಬಂದರೆ ಚಿತ್ರ ಬಿಳುಚಿಕೊಳ್ಳುತ್ತದೆ. ಒಂದು ಹುಡ್ ಹಾಕಿಕೊಳ್ಳಿ.

ಇದರಿಂದ ಆಗದ್ದೂ ಉಂಟು. ಓಡುವ ಮಗು, ಆಟದ ಬಯಲು, ಮದುವೆಯ ಗಡಿಬಿಡಿ, ಇಂಥಲ್ಲೆಲ್ಲ ಆಟೋಫೋಕಸ್ ಇರುವ ಲೆನ್ಸೇ ಬೇಕು. ಮದುವೆ ಫೋಟೋಗ್ರಫಿಯೇ ಹೊಟ್ಟೆಪಾಡು ಎನ್ನುವವರು ಅಪ್ಪನ ಲೆನ್ಸೊಂದನ್ನೇ ನೆಚ್ಚಿ ಕೆಲಸ ಒಪ್ಪಿಕೊಳ್ಳಬಾರದು. ಹುಡುಗನಿಗೂ ಇದನ್ನು ಬಿಡಿಸಿ ಹೇಳಿದೆವು. “ಒಂದು ಬಾಡಿ, ಆಟೋಫೋಕಸ್‌ನ ಒಂದು ಸಾಧಾರಣ ಲೆನ್ಸು, ಜೊತೆಗೆ ಅಪ್ಪನ 50. ಮೊದಲು ಒಂದು ವರ್ಷ ಯಾರ ಜೊತೆಗಾದರೂ ಹೋಗಿ ಕೆಲಸ ಕಲಿ. ದುಡಿದ ಮೇಲೆ ಬೇಕಾದ್ದು ಕೊಳ್ಳು” ಎಂದೆವು.

ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ. ಆಮೇಲೆ ತಾನೇ ಬಂದ. ಪಟ್ಟಿಯ ಮೊತ್ತದ ಅರ್ಧಕ್ಕೂ ಕಡಿಮೆಯಲ್ಲಿ ಸೆಕೆಂಡ್ ಹ್ಯಾಂಡ್ ಬಾಡಿ, ಅದಕ್ಕೊಂದು ಸಣ್ಣ ಲೆನ್ಸು, ಅಡಾಪ್ಟರ್ ಎಲ್ಲ ಆಯಿತು. ಒಂದು ಪಾಲು ಅವನು ಟ್ಯೂಷನ್ ಹೇಳಿ ದುಡಿದದ್ದು, ಇನ್ನೊಂದು ಪಾಲು ತಾಯಿ ಮಲ್ಲಿಗೆ ಕಟ್ಟಿ ಕೂಡಿಟ್ಟದ್ದು. ಸಾಲದ ಕಾಗದಕ್ಕೆ ಸೈನ್ ಬೀಳಲಿಲ್ಲ.

ಕ್ರಿಸ್ಮಸ್ ಕಳೆದು ಆ ಮನೆಗೆ ಹೋದಾಗ ಗೋಡೆಯಲ್ಲಿ ಒಂದು ಹೊಸ ಚಿತ್ರ ಇತ್ತು. ಕಿಟಕಿಯ ಬಳಿ ಕುಳಿತು ತಾಯಿ ಮಲ್ಲಿಗೆ ಕಟ್ಟುತ್ತಿದ್ದಾರೆ, ಬೆರಳಲ್ಲಿ ಬಾಳೆನಾರು, ಕಣ್ಣು ಮೊಗ್ಗಿನ ಮೇಲೆ.

“ಇಪ್ಪತ್ತು ಸಲ ತೆಗೆದ ಫಾದರ್” ಎಂದು ತಾಯಿ ನಕ್ಕರು. “ಒಮ್ಮೆ ಮೂಗು ಸರಿ, ಒಮ್ಮೆ ಹೂ ಸರಿ, ಕಣ್ಣು ಮಾತ್ರ ಸರಿಯಿಲ್ಲ ಅಂತ. ಇವರೂ ಹೀಗೇ. ಆ ಬಳೆ ತಿರುಗಿಸುತ್ತಾ ‘ಅಲ್ಲಾಡಬೇಡ, ಅಲ್ಲಾಡಬೇಡ’ ಅಂತ ನನ್ನನ್ನು ಎಷ್ಟು ಹೊತ್ತು ಕೂರಿಸುತ್ತಿದ್ದರು.”

ಹುಡುಗ ಲೆನ್ಸು ತೆಗೆದು ನಮ್ಮ ಕೈಗಿಟ್ಟ. ಫೋಕಸ್ ಬಳೆಯ ರಬ್ಬರ್ ಒಂದು ಬದಿ ಸವೆದು ನುಣುಪಾಗಿತ್ತು. “ಅಪ್ಪನ ಹೆಬ್ಬೆರಳು ಇಲ್ಲೇ ಇರುತ್ತಿತ್ತು ಅಂತ ಕಾಣುತ್ತದೆ ಫಾದರ್, ನನ್ನದೂ ಅಲ್ಲಿಗೇ ಹೋಗುತ್ತದೆ” ಎಂದ. ಗುಜರಿ ಎಂಬ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯ ಮಕ್ಕಳು ಕ್ಯಾಮೆರಾ ಕೇಳಿದರೆ ಕೂಡಲೇ ಗದರಬೇಡಿ, ಕೂಡಲೇ ಸಾಲಕ್ಕೂ ಓಡಬೇಡಿ. ಮಕ್ಕಳೇ, ಅಂಗಡಿಗೆ ಹೋಗುವ ಮೊದಲು ಅಜ್ಜನ ಕಪಾಟನ್ನೊಮ್ಮೆ ಕೇಳಿ ತೆರೆಯಿರಿ. ಟಾರ್ಚ್ ಹಿಡಿದು ನೋಡಿ. ಹಾಳಾಗಿದ್ದರೆ ಹಾಳಾಗಿದೆ ಎಂದು ಒಪ್ಪಿಕೊಳ್ಳಿ. ಚೆನ್ನಾಗಿದ್ದರೆ ಅದನ್ನು ಹಿಡಿದು ಚಿತ್ರ ತೆಗೆದವರು ಯಾರು, ಏನೇನು ತೆಗೆದಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ. ಮೊದಲ ಚಿತ್ರ ಅವರದ್ದೇ ಇರಲಿ.