ಜೇಬಿನಲ್ಲಿ ಇಲ್ಲದ್ದು ನಾಲಿಗೆಯ ಮೇಲಿತ್ತು

ಚಳಿಗಾಲದ ಕೋಟು ಕೊಳ್ಳಲು ಏಳು ವರ್ಷದ ಮಗಳನ್ನು ಕರೆದುಕೊಂಡು ಬಾಸ್ಕೋವ್ಸ್ ಅಂಗಡಿಗೆ ಹೋಗಿದ್ದೆ. ಕೋಟು ತೊಡಿಸಿ, "ತೋಳು ಉದ್ದ ಆಯ್ತಾ ಪುಟ್ಟಿ?" ಎಂದೆ. ಅವಳು ಅತ್ತಿತ್ತ ನೋಡಿ, "ಅಮ್ಮಾ, ಇಲ್ಲಿ ಕನ್ನಡ ಬೇಡ" ಎಂದು ಪಿಸುಗುಟ್ಟಿದಳು. ನಿಮ್ಮ ಮಕ್ಕಳೂ ಹೀಗೆ ಹೇಳಿರಬಹುದು. ನನಗೆ ಚುಚ್ಚಿತು, ಜೊತೆಗೆ ನಗುವೂ ಬಂತು. ಏಕೆಂದರೆ ನಾವು ನಿಂತಿದ್ದ ಅಂಗಡಿಯ ಬುಡದಲ್ಲೇ ಒಬ್ಬ ವಲಸಿಗರ ಮನೆಮಾತಿದೆ.

ಪೂರ್ವ ಯುರೋಪಿನ ಯಹೂದಿ ಸಾಲೊಮನ್ ಬಾಸ್ಕೋವ್ 1911ರಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಊರಿಗೆ ಬಂದರು. ಜೇಬಿನಲ್ಲಿ ಹೆಚ್ಚೇನೂ ಇರಲಿಲ್ಲ. ಸಾಮಾನು ಹೊತ್ತು ಮನೆಮನೆಗೆ ಮಾರುವ ಕೆಲಸ ಹಿಡಿದರು. ಅವರ ಮನೆಮಾತು ಯಿಡ್ಡಿಷ್. ಸುತ್ತಲಿನ ರೈತರದು ಪೆನ್ಸಿಲ್ವೇನಿಯಾ ಡಚ್. ಹೆಸರಿನಲ್ಲಿ ಡಚ್ ಇದ್ದರೂ ಅದು ಜರ್ಮನ್ನಿನದೇ ಒಂದು ರೂಪ. ಯಿಡ್ಡಿಷ್ ಕೂಡ ಅದೇ ಬಳಗದ್ದು. ಹವ್ಯಕರ ಮಾತು ಕೇಳಿದ ಬೆಂಗಳೂರಿನವರಂತೆ, ಮೊದಲು ಸ್ವಲ್ಪ ಗಲಿಬಿಲಿ, ಆಮೇಲೆ ಅರ್ಥವಾಗುತ್ತದೆ. ಹೀಗೆ ಗಿರಾಕಿಗಳ ಜೊತೆ ಮಾತು ಕುದುರಿತು, ವ್ಯಾಪಾರವೂ ಕುದುರಿತು. ಕೆಲವೇ ವರ್ಷಗಳಲ್ಲಿ ಊರಿನ ಒಂದು ಬೀದಿ ಮೂಲೆಯಲ್ಲಿ ಸ್ವಂತ ಅಂಗಡಿ ಎದ್ದಿತು.

ಮಗ ಆಲ್ಬರ್ಟ್ ಮತ್ತು ಅವರ ಭಾವ ಎಡ್ವಿನ್ ಲೇಕಿನ್ ಅದನ್ನು ಬೆಳೆಸಿದರು. 1967ರಲ್ಲಿ ಆ ಮೊದಲ ಅಂಗಡಿ ಬೆಂಕಿಗೆ ಆಹುತಿಯಾಯಿತು, ವ್ಯಾಪಾರ ನಿಲ್ಲಲಿಲ್ಲ. 2006ರಲ್ಲಿ ಒಮ್ಮೆಗೇ ಹಲವು ಹೊಸ ಮಳಿಗೆಗಳನ್ನು ಕೊಂಡದ್ದು ಭಾರವಾಯಿತು, ಮೇಲೆ ಆರ್ಥಿಕ ಹಿಂಜರಿತವೂ ಬಂತು. 2008ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗ ನಿವೃತ್ತರಾಗಿದ್ದ ಆಲ್ಬರ್ಟ್ 79ನೇ ವಯಸ್ಸಿನಲ್ಲಿ ಮರಳಿ ಬಂದು, ಮನೆಯವರ ಜೊತೆ ಸೇರಿ ಅದನ್ನು ಕೊಂಡು ಉಳಿಸಿಕೊಂಡರು. 2017ರಲ್ಲಿ ಅವರು ತೀರಿಕೊಂಡರು. ಅಂಗಡಿ ಮೂರನೇ ತಲೆಮಾರಿನ ಕೈಗೆ ಬಂತು.

ಕನ್ನಡ ಕಲಿತ ಮಗುವಿಗೆ ಹೀಗೊಂದು ಅಂಗಡಿ ಒಲಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಒಂದೇ ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದೆಂದು ಪ್ರಯೋಗಾಲಯ ನನಗೆ ಕಲಿಸಿದೆ. ಸಾಲೊಮನ್ ಯಿಡ್ಡಿಷ್ ಕಲಿತದ್ದು ಪೆನ್ಸಿಲ್ವೇನಿಯಾದ ರೈತರಿಗಾಗಿ ಅಲ್ಲ. ಅದು ಮನೆಯಲ್ಲಿ ಸಹಜವಾಗಿ ಬಂದ ಮಾತು. ಕಡಲಾಚೆಯ ಹೊಲದಂಚಿನಲ್ಲಿ ಅದು ಅನ್ನ ಕೊಟ್ಟೀತೆಂದು ಅವರಿಗೆ ಮಾತು ಕಲಿಸಿದವರು ಎಣಿಸಿರಲಾರರು. "ಕನ್ನಡದಿಂದ ಏನು ಉಪಯೋಗ?" ಎಂದು ಮಕ್ಕಳು ಕೇಳಿದಾಗ ನಾವು ತಡವರಿಸುತ್ತೇವೆ. ಗೊತ್ತಿಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ಗೊತ್ತಿಲ್ಲ ಎಂಬ ಕಾರಣಕ್ಕೆ ಕೊಡದೇ ಇರಬೇಕಾಗಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಇದನ್ನೆಲ್ಲ ಮಗಳಿಗೆ ಹೇಳಿದೆ, ಕನ್ನಡದಲ್ಲೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತಾತನಿಗೆ ಅಂಗಡೀಲಿ ಅವರ ಭಾಷೆ ಮಾತಾಡೋಕೆ ನಾಚಿಕೆ ಆಗ್ತಿರ್ಲಿಲ್ವಾ?" ಎಂದಳು.

"ಆಗಿದ್ದಿದ್ರೆ ಅಂಗಡೀನೇ ಇರ್ತಿರ್ಲಿಲ್ವೇನೋ" ಎಂದೆ.

ಮುಂದಿನ ಸಲ ಬಿಲ್ ಕೌಂಟರಿನ ಮುಂದೆ ನಿಮ್ಮ ಮಗು "ಕನ್ನಡ ಬೇಡ" ಎಂದರೆ ಗದರಬೇಡಿ. ದಾರಿಯಲ್ಲಿ ಈ ಕಥೆ ಹೇಳಿ ನೋಡಿ.